ಎರಡನೆಯ ಚೊಂಬು

ಒರತೆ ತೋಡಲು ಗುದ್ದಲಿ ಆಗುವುದಿಲ್ಲ. ಗುದ್ದಲಿ ಹಾಕಿದರೆ ಸುತ್ತಲಿನ ಮರಳು ಕುಸಿದು, ಬೆಳಗಿನಿಂದ ತೋಡಿದ್ದೆಲ್ಲ ಕಣ್ಣೆದುರಿಗೇ ಮುಚ್ಚಿಹೋಗುತ್ತದೆ. ಕೈಯೇ ಆಗಬೇಕು. ಬತ್ತಿದ ಹೊಳೆಯ ನಡುವೆ ಮಂಡಿಯೂರಿ, ಎರಡೂ ಕೈಯಿಂದ ಮರಳು ಬಾಚಿ ಬಾಚಿ ಹಿಂದಕ್ಕೆ ಎಸೆಯಬೇಕು. ಮೊಣಕೈ ಮುಳುಗುವಷ್ಟು ಆಳದಲ್ಲಿ ಒದ್ದೆ ಸಿಗುತ್ತದೆ. ಭುಜ ಮುಳುಗುವಷ್ಟು ಆಳದಲ್ಲಿ ನೀರು. ಆಮೇಲೆ ಹೊಟ್ಟೆಯ ಮೇಲೆ ಮಲಗಿ, ತಲೆಯನ್ನು ಗುಂಡಿಯೊಳಗೆ ಇಳಿಬಿಟ್ಟು ಕರಟದಲ್ಲಿ ಮೊಗೆಯಬೇಕು. ಒಂದು ಕರಟ ಮೊಗೆದರೆ ಇನ್ನೊಂದು ಕರಟ ಊರುವ ತನಕ ಕಾಯಬೇಕು. ಕಾಯುವಾಗ ಮಾತಾಡಬಾರದು ಎಂದೇನಿಲ್ಲ. ಆದರೂ ಯಾರೂ ಮಾತಾಡುವುದಿಲ್ಲ. ಮಾತಾಡಿದರೆ ಬಾಯಿ ಒಣಗುತ್ತದೆ.

ತಿರುವಿನ ಕೇರಿಯ ಹೆಂಗಸರ ಉಗುರುಗಳೆಲ್ಲ ಮೊಂಡು. ಮರಳು ತಿಂದುಹಾಕಿದ ಉಗುರು.

ಹೊಳೆ ಬಳಸಿಕೊಂಡು ಹೋಗುವ ಮೂಲೆಯಲ್ಲಿ ಇಪ್ಪತ್ತಮೂರು ಮನೆ. ಅದೇ ತಿರುವಿನ ಕೇರಿ. ಕಸುಬು ಪೇಟೆಯ ಕಕ್ಕಸು ತೊಳೆಯುವುದು, ಚರಂಡಿ ಬಳಿಯುವುದು. ಪೇಟೆಯ ಹೊಲಸು ಎತ್ತಲು ಅವರ ಕೈ ಬೇಕು. ಆ ಕೈ ಮುಟ್ಟಿದ ಚೊಂಬು ಬೇಡ. ಹೊಲಗದ್ದೆ ಉಳ್ಳವರ ಮೇಲಿನ ಬೀದಿ ಅಲ್ಲಿಂದ ಹತ್ತು ನಿಮಿಷದ ದಾರಿ. ಅಲ್ಲೊಂದು ಕಲ್ಲು ಕಟ್ಟಿದ ಬಾವಿ ಇದೆ, ಎಂಥ ಬೇಸಿಗೆಗೂ ಬತ್ತಿಲ್ಲ. ಆ ಬಾವಿಗೆ ಕೇರಿಯ ಕೊಡ ಇಳಿದದ್ದನ್ನು ಕಂಡವರು ಯಾರೂ ಇಲ್ಲ.

ಹೊಳೆಯಲ್ಲಿ ನೀರಿದ್ದಾಗ ಬಾವಿಯ ಮಾತು ಬೇಕಿರಲಿಲ್ಲ. ಆಮೇಲೆ ವಿದ್ಯುತ್ ಕಂಪನಿ ಬಂತು. ಬೆಟ್ಟದ ಮೇಲೆ ಕಟ್ಟೆ ಕಟ್ಟಿ, ಬೆಟ್ಟದ ಹೊಟ್ಟೆಯೊಳಗೆ ಸುರಂಗ ಕೊರೆಯಿತು. ಸುರಂಗಕ್ಕೆ ಬಿದ್ದ ನೀರು ಯಂತ್ರ ತಿರುಗಿಸಿ, ಎಷ್ಟೋ ದೂರ ಕೆಳಗೆ ಹೋಗಿ ಮತ್ತೆ ಹೊಳೆ ಸೇರುತ್ತದೆ. ನಡುವಿನ ಹೊಳೆ ಬರೀ ಮರಳು. ಆ ಮರಳಿನ ದಡದಲ್ಲೇ ಕೇರಿ. ಕೇರಿ ದಾಟಿದರೆ ಮೇಲಿನ ಬೀದಿಯವರ ಹೊಲಗಳಿಗೆ ನೀರು ತಿರುಗಿಸುವ ಕಾಲುವೆಯ ಬಾಯಿ. ಅದೂ ಒಣಗಿತು. ಆಗ ಹೊಲದವರಿಗೆ ಸಿಟ್ಟು ಬಂತು, ಕೋರ್ಟಿಗೆ ಹೋದರು.

ಹೊಳೆಯ ನೀರು ಮೊದಲು ಕುಡಿಯುವ ಬಾಯಿಗೆ, ಆಮೇಲೆ ಹೊಲಕ್ಕೆ, ಕೊನೆಗೆ ಯಂತ್ರಕ್ಕೆ ಎಂದು ಕಾನೂನಿನಲ್ಲಿ ಬರೆದಿದೆಯಂತೆ. ಹೊಲಕ್ಕೆ ಎಂದು ಕೇಳಿದರೆ ಕಂಪನಿಯವರು ಹಳೆಯ ಒಪ್ಪಂದ ತೆಗೆದು ವರ್ಷಗಟ್ಟಲೆ ಎಳೆಯುತ್ತಾರೆ. ಕುಡಿಯುವ ಬಾಯಿ ತೋರಿಸಿದರೆ ನಾಳೆಯೇ ಕಟ್ಟೆಯ ಗೇಟು ಎತ್ತಿಸಬಹುದು. ಹೊಲದವರ ವಕೀಲ ಬಾಯಿ ಹುಡುಕಿದ. ಕೇರಿ ಸಿಕ್ಕಿತು. ಗೇಟು ಒಂದು ಗೇಣು ಎತ್ತಿದರೆ ಕೇರಿಗೂ ನೀರು, ಕೇರಿ ದಾಟಿ ಕಾಲುವೆಗೂ ನೀರು. ಅಷ್ಟು ಕಾಲ ಯಾರ ಕಣ್ಣಿಗೂ ಬೀಳದಿದ್ದ ಇಪ್ಪತ್ತಮೂರು ಮನೆ ಒಂದೇ ದಿನದಲ್ಲಿ ಅರ್ಜಿಯ ಮೊದಲ ಸಾಲಿಗೆ ಬಂದು ಕೂತವು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯ್ತು ಎನ್ನುತ್ತಾರೆ. ಇಲ್ಲಿ ಇಬ್ಬರೂ ಕೂಸನ್ನೇ ಮುಂದಕ್ಕೆ ಹಿಡಿದು ಜಗಳಕ್ಕೆ ನಿಂತರು.

ಆ ಅರ್ಜಿ ನಡೆಯುತ್ತಿದ್ದ ಕೋರ್ಟಿನಲ್ಲೇ ಕೇರಿಯ ಮುದುಕಿಯೊಬ್ಬಳು ಹನ್ನೊಂದು ವರ್ಷದಿಂದ ಕಕ್ಕಸು ತೊಳೆಯುತ್ತಿದ್ದಳು. ಕೋರ್ಟಿನವರೆಲ್ಲ ಅವಳನ್ನು ಬಕೆಟ್ಟಜ್ಜಿ ಎನ್ನುತ್ತಿದ್ದರು. ಹಾಗೆಂದರೆ ತಿರುಗಿ ನೋಡುವಷ್ಟು ಆ ಹೆಸರು ಅವಳಿಗೆ ಅಂಟಿಕೊಂಡಿತ್ತು. ಕೋರ್ಟಿನ ಉದ್ದ ಮೊಗಸಾಲೆಯ ಕೊನೆಯಲ್ಲಿ ಕುಡಿಯುವ ನೀರಿನ ಉಕ್ಕಿನ ಡಬ್ಬಿ ಇತ್ತು. ಯಾರೂ ಕದಿಯದಿರಲೆಂದು ಅದರ ಲೋಟಕ್ಕೆ ಸರಪಳಿ ಹಾಕಿದ್ದರು. ಆ ಡಬ್ಬಿಯ ಕೆಳಗಿನ ನೆಲ ಒರೆಸುವವಳು ಅವಳು. ಆ ಲೋಟ ಮುಟ್ಟುವಂತಿಲ್ಲ. ಹಾಗೆಂದು ಬೋರ್ಡು ಹಾಕಿರಲಿಲ್ಲ, ಒಮ್ಮೆ ಮುಟ್ಟಿದಾಗ ಜವಾನ ಎಲ್ಲರೆದುರಿಗೆ ಲೋಟಕ್ಕೆ ಬೂದಿ ಹಾಕಿ ಉಜ್ಜಿದ್ದ. ಅಷ್ಟು ಸಾಕಾಯಿತು. ಬಾಯಾರಿದರೆ ಅವಳು ಹಿತ್ತಲಿಗೆ ಹೋಗಿ ಗಿಡಕ್ಕೆ ಬಿಡುವ ನಲ್ಲಿಗೆ ಬೊಗಸೆ ಒಡ್ಡುತ್ತಿದ್ದಳು.

ಅವಳ ಮಗ ಕಂಪನಿಯ ಕಟ್ಟೆಯ ಮೇಲೆ ಕೂಲಿ. ಸುರಂಗದ ಬಾಯಿಯ ಕಂಬಿಗಳಿಗೆ ಸಿಕ್ಕಿಕೊಂಡ ಎಲೆ, ಕಡ್ಡಿ, ಸತ್ತ ನಾಯಿ ಬಾಚುವುದು ಅವನ ಕೆಲಸ. ನೀರು ಸರಾಗವಾಗಿ ತನ್ನ ಮನೆಯನ್ನು ಬಿಟ್ಟು ಬೇರೆ ಕಡೆ ಹರಿಯಲಿ ಎಂದು ದಿನವಿಡೀ ಬಾಚುತ್ತಾನೆ. ವಾರಕ್ಕೊಮ್ಮೆ ಮನೆಗೆ ಬಂದಾಗ ಒರತೆಯ ನೀರನ್ನು ಹನಿ ಎಣಿಸಿ ಕುಡಿಯುತ್ತಾನೆ. ಮನೆಯಲ್ಲಿ ಉಳಿದವರು ಅಜ್ಜಿ, ಸೊಸೆ, ಹುಟ್ಟಿ ಇಪ್ಪತ್ತು ದಿನವಾದ ಕೂಸು.

ಕೇರಿಯವರಿಗೆ ನಿಜವಾಗಿ ನೀರಿಲ್ಲವೇ ಎಂದು ನೋಡಿ ಬರಲು ಕೋರ್ಟು ಒಬ್ಬ ವಕೀಲರನ್ನು ಕಮಿಷನರ್ ಮಾಡಿ ಕಳಿಸಿತು. ಅವರು ಬಂದದ್ದು ಒಂದು ರಜೆಯ ದಿನ, ಸುಡುವ ಮಧ್ಯಾಹ್ನ. ತಲೆ ನರೆತ ಮನುಷ್ಯ. ಕನ್ನಡಕ ಬೆವರಿಗೆ ಜಾರುತ್ತಿತ್ತು. ಜೊತೆಗೆ ಬಂದಿದ್ದ ಕಂಪನಿಯ ಇಂಜಿನಿಯರ್, ಹೊಲದವರ ಮುಂದಾಳು ಕಾಲುವೆ ಯಜಮಾನ, ಎರಡೂ ಕಡೆಯ ವಕೀಲರು ದಡದ ಮೇಲಿನ ಮರದ ನೆರಳಲ್ಲೇ ನಿಂತುಬಿಟ್ಟರು. ಎಲ್ಲರ ಕೈಯಲ್ಲೂ ಬಾಟಲಿ. ಕಮಿಷನರ್ ಒಬ್ಬರೇ ಇಳಿದು ಮನೆ ಮನೆ ನೋಡುತ್ತ ಬಂದರು. ಕೊನೆಗೆ ಅಜ್ಜಿಯ ಬಾಗಿಲಲ್ಲಿ ನಿಂತು ಹಣೆ ಒರೆಸಿಕೊಂಡರು.

"ಅಮ್ಮಾ, ಕುಡಿಯೋಕೆ ಸ್ವಲ್ಪ ನೀರು ಕೊಡ್ತೀರಾ?"

ಅಜ್ಜಿ ಹಿಂದಕ್ಕೆ ತಿರುಗಿ ನೋಡಿದಳು. ಬೇರೆ ಯಾರನ್ನೋ ಕೇಳಿದರು ಅಂದುಕೊಂಡಳು. ಹಿಂದೆ ಗೋಡೆ ಇತ್ತು.

"ನನ್ನ ಕೈಯಿಂದಾನಾ ಸ್ವಾಮಿ?"

"ಇಲ್ಲಿ ಇನ್ಯಾರಿದಾರೆ? ಗಂಟಲು ಒಣಗಿಹೋಗಿದೆ."

ಅರುವತ್ತು ವರ್ಷ ದಾಟಿದ ಹೆಂಗಸು. ಅಷ್ಟು ವರ್ಷಗಳಲ್ಲಿ ಕೇರಿಯ ಆಚೆಯವರು ಅವಳ ಕೈಯಿಂದ ಎಷ್ಟೋ ಹೊಲಸು ಎತ್ತಿಸಿದ್ದಾರೆ, ಹೆಣ ಎತ್ತಿಸಿದ್ದಾರೆ, ಯಾರೂ ನೀರು ಕೇಳಿರಲಿಲ್ಲ. ಅವಳು ಒಳಗೆ ಓಡಿದಳು. ಮೂಲೆಯಲ್ಲಿ ಒಂದು ಕೊಡ ತುಂಬಿತ್ತು. ಹೆತ್ತು ಇಪ್ಪತ್ತು ದಿನದ ಸೊಸೆ ನಸುಕಿನಲ್ಲೇ ಹೋಗಿ, ಹಸಿ ಹೊಟ್ಟೆಯನ್ನು ಮರಳಿಗೆ ಒತ್ತಿ ಮಲಗಿ, ಕರಟ ಕರಟ ಮೊಗೆದು ತಂದ ಸಣ್ಣ ಕೊಡ. ಎರಡು ದಿನದಿಂದ ಕೂಸಿಗೆ ಮೈ ತೊಳೆದಿರಲಿಲ್ಲ. ಅವತ್ತು ತೊಳೆಯಬೇಕೆಂದು, ಉಳಿದದ್ದನ್ನು ಕಾಯಿಸಿ ಕುಡಿಯಬೇಕೆಂದು ಇಟ್ಟ ನೀರು. ಅಜ್ಜಿ ಅದರಲ್ಲೇ ಚೊಂಬು ತೊಳೆದಳು. ಒಂದು ಸಲ ಅಲ್ಲ, ಮೂರು ಸಲ ತೊಳೆದಳು.

ಎತ್ತಿ ಸುರಿದುಕೊಂಡು ಕುಡಿಯುತ್ತಾರೆ ಅಂದುಕೊಂಡಿದ್ದಳು. ಅವರು ಚೊಂಬಿಗೇ ಬಾಯಿ ಹಚ್ಚಿದರು. ಗುಟುಕು ಗುಟುಕಿಗೂ ಗಂಟಲ ಗಂಟು ಮೇಲೆ ಕೆಳಗೆ ಆಡಿತು. ಚೊಂಬು ಬರಿದು ಮಾಡಿ, "ತಣ್ಣಗಿದೆ, ಪ್ರಾಣ ಬಂತು" ಎಂದು ವಾಪಸ್ ಕೊಟ್ಟರು. ಅಲ್ಲಿಗೆ ನಿಂತಿದ್ದರೆ ಆಗುತ್ತಿತ್ತು. ಬಾಯಾರಿದವನಿಗೆ ಒಂದು ಚೊಂಬು ಕೊಟ್ಟದ್ದು ಯಾವ ಕೋರ್ಟಿನಲ್ಲೂ ತಪ್ಪಲ್ಲ. ಅಜ್ಜಿಗೆ ಅಲ್ಲಿಗೆ ನಿಲ್ಲಲಾಗಲಿಲ್ಲ.

"ಇನ್ನೊಂದು ಕುಡೀರಿ ಸ್ವಾಮಿ."

"ಸಾಕಮ್ಮ. ನಿಮಗೇ ಕಷ್ಟ ಇರಬೇಕು."

ಕಷ್ಟ ಇರಬೇಕು ಎಂದಾಗ ಹೌದು ಎನ್ನಬೇಕಿತ್ತು. ಆದರೆ ಮೊದಲ ಸಲ ಬಾಗಿಲಿಗೆ ಬಂದು ತನ್ನ ಚೊಂಬಿಗೆ ಬಾಯಿ ಹಚ್ಚಿದ ಮನುಷ್ಯನ ಎದುರು ಬಡತನ ಹೇಳಿಕೊಳ್ಳಲು ಯಾವ ಹೆಂಗಸಿಗೆ ನಾಲಿಗೆ ಬರುತ್ತದೆ? ಮನೆಗೆ ಬಂದವರಿಗೆ ಎಲ್ಲರೂ ಆಡುವ ಮಾತನ್ನೇ ಅವಳೂ ಆಡಿದಳು. ಆಡಲು ಅವಕಾಶವೇ ಸಿಗದೆ ಅರುವತ್ತು ವರ್ಷ ಬಾಯಲ್ಲೇ ಉಳಿದಿದ್ದ ಮಾತು.

"ಅಯ್ಯೋ, ಹೊಳೆ ದಡದೋರು ನಾವು. ನಮಗೆ ನೀರಿಗೇನು ಬಡತನ? ಎಷ್ಟು ಬೇಕಾದ್ರೂ ಕುಡೀರಿ."

ಎರಡನೆಯ ಚೊಂಬನ್ನು ಅವರು ಅರ್ಧ ಕುಡಿದರು. ಉಳಿದದ್ದರಲ್ಲಿ ಕನ್ನಡಕ ತೊಳೆದುಕೊಂಡರು. ಆಮೇಲೆ ಪುಸ್ತಕ ತೆಗೆದು ಏನೋ ಬರೆದುಕೊಂಡರು. ಅಜ್ಜಿಗೆ ಅದು ಕಂಡಿತು. ನನ್ನ ಹೆಸರು ಬರೆದುಕೊಂಡರೇನೋ ಎಂದು ಹಿಗ್ಗಿದಳು.

ಅವರು ಹೋದ ಮೇಲೆ ಸೊಸೆ ಕೂಸಿನ ಬಳಿಯಿಂದ ಎದ್ದು ಬಂದಳು. ಕೊಡ ಬಗ್ಗಿಸಿ ನೋಡಿದಳು. ತಳದಲ್ಲಿ ಕಾಲುಭಾಗ ಇತ್ತು.

"ಅತ್ತೆ, ಈಗ ಮಗೂಗೆ ಏನು ಹಾಕಲಿ?" ಎಂದಳು.

ಬೈಯಲಿಲ್ಲ. ಬೈದಿದ್ದರೆ ಅಜ್ಜಿ ತಿರುಗಿ ಬೈಯಬಹುದಿತ್ತು. ಸೊಸೆ ಸೆರಗಿನ ತುದಿ ಅದ್ದಿ, ಕೂಸಿನ ಕತ್ತು, ಕಂಕುಳು, ತೊಡೆಸಂದು ಒರೆಸಿದಳು. ಬೆವರುಗುಳ್ಳೆ ಎದ್ದು ಕೆಂಪಾಗಿತ್ತು. ಒರೆಸಿದ ಕಡೆಯೆಲ್ಲ ಕೂಸು ಕಿರುಚಿತು. ಸೊಸೆ ಕರಟ ಎತ್ತಿಕೊಂಡು ಮತ್ತೆ ಹೊಳೆಗೆ ಇಳಿದಳು.

ಎರಡು ವಾರದ ಮೇಲೆ ಕೋರ್ಟಿನ ಮೊಗಸಾಲೆಯಲ್ಲಿ ಅಜ್ಜಿ ನೆಲ ಒರೆಸುತ್ತಿದ್ದಾಗ ಒಳಗಿನಿಂದ ಕಮಿಷನರ್ ದನಿ ಕೇಳಿಸಿತು. ವರದಿ ಓದುತ್ತಿದ್ದರು. ಬಾಗಿಲ ಹತ್ತಿರಕ್ಕೆ ಸರಿದು ಕಿವಿಗೊಟ್ಟಳು.

"ಹೊಳೆಯಲ್ಲಿ ಹರಿವು ಇರುವುದಿಲ್ಲ. ಆದರೂ ಮನೆಯಲ್ಲಿ ತುಂಬಿದ ಕೊಡವನ್ನು ನಾನೇ ಕಂಡಿರುತ್ತೇನೆ. ಮನೆಯ ವೃದ್ಧೆಯು ನನಗೆ ಶುದ್ಧವಾದ ತಣ್ಣನೆಯ ನೀರನ್ನು ಕೊಟ್ಟು, ಬೇಡವೆಂದರೂ ಎರಡನೆಯ ಚೊಂಬನ್ನು ಒತ್ತಾಯಿಸಿ ಕೊಟ್ಟಿರುತ್ತಾಳೆ. ವಿಚಾರಿಸಲಾಗಿ, 'ನಮಗೆ ನೀರಿಗೇನು ಬಡತನ, ಎಷ್ಟು ಬೇಕಾದರೂ ಕುಡಿಯಿರಿ' ಎಂದು ತಿಳಿಸಿರುತ್ತಾಳೆ. ಆದ್ದರಿಂದ ಕುಡಿಯುವ ನೀರಿಗೆ ತುರ್ತು ತೊಂದರೆ ಇರುವುದಾಗಿ ಕಂಡುಬರುವುದಿಲ್ಲ."

ಕಂಪನಿಯ ವಕೀಲ ಎದ್ದು ನಿಂತು ಇಷ್ಟು ಸಾಕು ಎಂದ. ಮಳೆಗಾಲ ಕಳೆಯುವ ತನಕ ಗೇಟು ಎತ್ತುವ ಅಗತ್ಯವಿಲ್ಲ ಎಂದು ನ್ಯಾಯಾಧೀಶರು ಬರೆಸಿದರು.

ಅಜ್ಜಿಯ ಕೈಯಲ್ಲಿದ್ದ ಒದ್ದೆ ಬಟ್ಟೆಯಿಂದ ನೀರು ತೊಟ್ಟಿಕ್ಕಿ ಕಾಲ ಮೇಲೆ ಬೀಳುತ್ತಿತ್ತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅವಳು ಆಡಿದ ಒಂದು ಮಾತಿಗೆ ಇಪ್ಪತ್ತಮೂರು ಮನೆಯ ನೀರು ಹೋಗಿತ್ತು.

ಸುದ್ದಿ ಅವಳಿಗಿಂತ ಮೊದಲೇ ಕೇರಿ ಸೇರಿತ್ತು. ಒರತೆಯ ಸುತ್ತ ಪಾಳಿಗೆ ಕೂತಿದ್ದ ಹೆಂಗಸರು ಅವಳನ್ನು ಕಂಡೂ ಸುಮ್ಮನಿದ್ದರು. ಪಕ್ಕದ ಮನೆಯ ಗಯ್ಯಾಳಿಗೆ ಮಾತ್ರ ಸುಮ್ಮನಿರುವುದು ಹುಟ್ಟಿನಿಂದಲೇ ಬಂದಿರಲಿಲ್ಲ.

"ಹೊಟ್ಟೆಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗೆ ಹೂವು ಅಂತೆ. ಭೇಷ್ ಅಕ್ಕಾ! ನಮ್ಮನ್ನೆಲ್ಲ ಸಾಹುಕಾರರನ್ನ ಮಾಡಿಬಿಟ್ಟೆ."

ಯಾರೋ ಕಿಸಕ್ಕನೆ ನಕ್ಕರು. ಅಜ್ಜಿ ತಲೆ ತಗ್ಗಿಸಿ ನಿಂತಳು. ಉಗಿಯಲಿ, ಮಣ್ಣು ಎರಚಲಿ ಎಂದು ಕಾದಳು. ಗಯ್ಯಾಳಿ ಗುಂಡಿಯಿಂದ ತಲೆ ಎತ್ತಿ, ಮುಖಕ್ಕೆ ಮೆತ್ತಿದ ಮರಳು ಒರೆಸಿಕೊಂಡು, ದನಿ ತಗ್ಗಿಸಿ ಕೇಳಿದಳು:

"ನಿಜವಾಗ್ಲೂ ಬಾಯಿ ಹಚ್ಚಿ ಕುಡಿದರಾ?"

"ಹೂಂ."

"ಚೊಂಬಿಗೇ?"

"ಚೊಂಬಿಗೇ."

ಗಯ್ಯಾಳಿ ಕರಟದ ನೀರನ್ನು ಕೊಡಕ್ಕೆ ಸುರಿದಳು. "ನನ್ನ ಬಾಗಿಲಿಗೆ ಬಂದಿದ್ರೆ ನಾನು ಮೂರನೇ ಚೊಂಬೂ ಕೊಡ್ತಿದ್ದೆ ಬಿಡು" ಎಂದಳು. ಆ ಮಾತು ಅಜ್ಜಿಗೆ ಬೈಗುಳಕ್ಕಿಂತ ಹೆಚ್ಚು ಚುಚ್ಚಿತು. ಅವತ್ತು ರಾತ್ರಿ ಕೂಸು ಅತ್ತಾಗಲೆಲ್ಲ ಅವಳು ಎದ್ದು ಕೂತಳು. ಎದ್ದು ಮಾಡುವಂಥದ್ದು ಏನೂ ಇರಲಿಲ್ಲ.

ಮೂರು ದಿನ ಬಿಟ್ಟು ಕಾಲುವೆ ಯಜಮಾನ ಹೇಳಿಕಳಿಸಿದ. ಹೊಲದವರ ವಕೀಲನ ಕಚೇರಿ ಕೋರ್ಟಿನ ಎದುರಿನ ಓಣಿಯಲ್ಲಿ, ಒಂದು ಔಷಧಿ ಅಂಗಡಿಯ ಮೇಲೆ. ಒಳಗೆ ನಾಲ್ಕು ಕುರ್ಚಿ, ಮೂರು ಖಾಲಿ. ಅಜ್ಜಿಯನ್ನು ಹೊಸಿಲ ಆಚೆ ನಿಲ್ಲಿಸಿದರು. ಒಂದು ಕುರ್ಚಿಯಲ್ಲಿ ಯಜಮಾನ ಕಾಲ ಮೇಲೆ ಕಾಲು ಹಾಕಿ ಕೂತಿದ್ದ.

"ನಾಲಿಗೆಗೆ ಎಲುಬಿಲ್ಲ ಅಂತ ಹೇಗೆ ಬೇಕಾದ್ರೂ ಹೊರಳಿಸೋದಾ?" ಎಂದ. "ನಮ್ಮ ಪೈರೆಲ್ಲ ನಿನ್ನ ಒಂದು ಮಾತಿಗೆ ಒಣಗಿತಲ್ಲ."

ಪೈರು ಒಣಗಿದ್ದು ನಿಜ.

ವಕೀಲ ಮೆತ್ತಗೆ ಮಾತಾಡುವವನು. "ಆಗಿದ್ದಾಯ್ತು ಅಜ್ಜಿ. ಸೋಮವಾರ ಮತ್ತೆ ಅರ್ಜಿ ಹಾಕ್ತೀವಿ. ಇಲ್ಲೊಂದು ಪ್ರಮಾಣಪತ್ರ ಬರೆಸಿದೀನಿ. ಕಂಪನಿಯವರು ಹಿಂದಿನ ದಿನ ಬಂದು ಹೆದರಿಸಿದ್ರು, ನೀರಿದೆ ಅಂತ ಹೇಳದಿದ್ರೆ ಮಗನ್ನ ಕೆಲಸದಿಂದ ತೆಗೀತೀವಿ ಅಂದ್ರು ಅಂತ. ಅಷ್ಟೇ. ಹೆಬ್ಬೆಟ್ಟು ಒತ್ತು."

ಗುಮಾಸ್ತ ಅವಳ ಹೆಬ್ಬೆರಳಿಗೆ ಮಸಿ ಹಚ್ಚಿದ. ಅವಳ ಕೈ ಮುಟ್ಟದ ಹಾಗೆ ಕಾಗದದ ಚೂರಿನಿಂದ ಹಿಡಿದು ಹಚ್ಚಿದ.

"ಯಾರೂ ಹೆದರಿಸಲಿಲ್ಲ ಸ್ವಾಮಿ."

"ಗೊತ್ತು. ಹೆದರಿಸಿದ್ರು ಅಂತ ಬರೆದಿದೆ."

"ಹೆದರಿಸಲಿಲ್ಲ. ನಾನೇ ಅಂದಿದ್ದು."

"ಯಾಕೆ ಅಂದೆ ಮಾರಾಯ್ತಿ? ಏನು ರೋಗ ಬಂದಿತ್ತು?" ಯಜಮಾನ ಕುರ್ಚಿಯಿಂದ ಮುಂದಕ್ಕೆ ಬಾಗಿದ.

ಅಜ್ಜಿ ಹೇಳಿದಳು. ಹುಟ್ಟಿದಾಗಿನಿಂದ ಯಾರೂ ನನ್ನ ಕೈಯಿಂದ ನೀರು ಕುಡಿದಿರಲಿಲ್ಲ. ಅವತ್ತು ಅವರು ಕುಡಿದರು. ಕುಡಿದವರ ಮುಂದೆ ಇಲ್ಲ ಅನ್ನೋಕೆ ಬಾಯಿ ಬರಲಿಲ್ಲ. ಅದಕ್ಕೇ ಸುಳ್ಳು ಹೇಳಿದೆ. "ಹಂಗೇ ಬರೀರಿ ಸ್ವಾಮಿ. ಅದಕ್ಕೆ ಹೆಬ್ಬೆಟ್ಟು ಒತ್ತುತೀನಿ."

ಯಜಮಾನ ಕೆಮ್ಮಿದ. ಕೆಮ್ಮು ಬಂದಿರಲಿಲ್ಲ.

"ಹಂಗೆ ಬರೆಯೋಕೆ ಬರಲ್ಲ ಅಜ್ಜಿ," ವಕೀಲ ಎಂದ.

"ನಿಜ ಅಲ್ವಾ?"

"ನಿಜಾನೇ ತೊಂದರೆ. ಹಂಗೆ ಬರೆದ್ರೆ ಕಂಪನಿ ವಕೀಲ ಎದ್ದು ಕೇಳ್ತಾನೆ. ಇವಳ ಕೈ ನೀರು ಯಾಕೆ ಯಾರೂ ಕುಡಿಯಲ್ಲ ಅಂತ. ಹತ್ತು ನಿಮಿಷದ ದಾರೀಲಿ ತುಂಬಿದ ಬಾವಿ ಇದೆಯಲ್ಲ, ಈ ಯಜಮಾನರು ಇವರಿಗೆ ಅಲ್ಲಿ ಒಂದು ಕೊಡ ಕೊಡಲ್ವಾ ಅಂತ. ಆಮೇಲೆ ಕೇಸು ಹೊಳೆ ಬಿಟ್ಟು ಬಾವಿಗೆ ಬೀಳತ್ತೆ."

ಅಜ್ಜಿ ಆ ಖಾಲಿ ಕುರ್ಚಿಗಳನ್ನು ನೋಡಿದಳು. ಈ ಜನಕ್ಕೆ ಬೇಕಾದದ್ದು ತನ್ನ ಒಣಗಿದ ಬಾಯಿ. ಆ ಬಾಯಿ ಯಾಕೆ ಒಣಗಿತು ಎಂದು ಹೇಳುವ ಮಾತು ಬೇಡ. ಕಂಪನಿಗೆ ಅವಳ ತುಂಬಿದ ಕೊಡ ಬೇಕಿತ್ತು, ಇವರಿಗೆ ಖಾಲಿ ಕೊಡ. ಕೊಡ ಹೊತ್ತವಳ ನೆನಪು ಯಾರಿಗೂ ಇಲ್ಲ.

"ಒಂದು ಸುಳ್ಳಿಗೇ ಕೇರಿ ಒಣಗಿದೆ," ಎಂದಳು. "ಎರಡನೇದು ನನ್ನ ಕೈಲಿ ಆಗಲ್ಲ."

"ಹಂಗಾದ್ರೆ ಗೇಟೂ ಎತ್ತಲ್ಲ. ಆ ಪಾಪ ನಿನ್ನ ತಲೆಗೇ. ನಿನ್ನ ಮೊಮ್ಮಗು ನೀರಿಲ್ಲದೆ ಒದ್ದಾಡ್ಲಿ, ಆಗ ಗೊತ್ತಾಗತ್ತೆ," ಎಂದ ಯಜಮಾನ.

ಅವಳು ಹೆಬ್ಬೆರಳಿನ ಮಸಿಯನ್ನು ಸೀರೆಗೆ ಒರೆಸಿಕೊಂಡು ಮೆಟ್ಟಿಲು ಇಳಿದಳು. ಮಸಿ ಹೋಗಲಿಲ್ಲ. ಮನೆಯಲ್ಲಿ ಅದನ್ನು ತೊಳೆಯಲು ನೀರಿರಲಿಲ್ಲ. ಕೂಸಿನ ಬೆವರುಗುಳ್ಳೆ ಕೀವಾಗಿತ್ತು. ಯಜಮಾನ ಕೆಟ್ಟವನಿರಬಹುದು, ಅವನಂದ ಮಾತು ಸುಳ್ಳೇನಲ್ಲ ಎಂದು ಅವಳಿಗೆ ಅನ್ನಿಸಿತು. ಒತ್ತಿಬಿಡಬೇಕಿತ್ತೇ? ಒಂದು ಸುಳ್ಳು ಹಮ್ಮಿಗೆ ಹೇಳಿದವಳು ಇನ್ನೊಂದನ್ನು ಕೂಸಿಗಾಗಿ ಹೇಳಬಾರದೇ? ಭಾನುವಾರ ಇಡೀ ದಿನ ಅವಳು ಅದನ್ನೇ ಜಗಿದಳು.

"ಏನು ಮಾಡಲೇ?" ಎಂದು ಸೊಸೆಯನ್ನು ಕೇಳಿದಳು. ಅತ್ತೆ ಸೊಸೆಯನ್ನು ಹೀಗೆ ಕೇಳಿದ್ದು ಅದೇ ಮೊದಲು.

ಸೊಸೆ ಕೂಸಿನ ಕೀವು ಒರೆಸುತ್ತಿದ್ದಳು. ತಲೆ ಎತ್ತಲಿಲ್ಲ. "ಬೇರೆಯವರ ಬಾಯಲ್ಲಿ ಯಾಕೆ ಹೇಳಿಸ್ತೀರಿ ಅತ್ತೆ? ದಿನಾ ಅದೇ ಕೋರ್ಟಿಗೆ ಹೋಗ್ತೀರಲ್ಲ," ಎಂದಳು.

ಸೋಮವಾರ ಅಜ್ಜಿ ಕಕ್ಕಸು ತೊಳೆದು ಮುಗಿಸಿದಾಗ ಒಳಗೆ ಹೊಳೆಯ ಅರ್ಜಿ ಕರೆದರು. ಹೊಲದವರ ವಕೀಲನ ಬಳಿ ಹೊಸದೇನೂ ಇರಲಿಲ್ಲ. ಹಳೆಯದನ್ನೇ ತಿರುಗಿಸಿ ಹೇಳಿದ. ನ್ಯಾಯಾಧೀಶರು ಗಡಿಯಾರ ನೋಡಿದರು. ವಜಾ ಎನ್ನಲು ಬಾಯಿ ತೆರೆದರೋ ಇಲ್ಲವೋ, ಅಜ್ಜಿ ಬಕೆಟ್ಟು ಹಿಡಿದುಕೊಂಡೇ ಬಾಗಿಲು ದಾಟಿದಳು. ಹನ್ನೊಂದು ವರ್ಷ ಆ ಕೋರ್ಟ್ ಹಾಲಿನ ನೆಲ ಒರೆಸಿದ್ದಳು. ಜನ ಇದ್ದಾಗ ಅದರ ಮೇಲೆ ಕಾಲಿಟ್ಟಿರಲಿಲ್ಲ.

ಜವಾನ ಓಡಿ ಬಂದ. "ಏಯ್ ಬಕೆಟ್ಟಜ್ಜಿ, ಆಚೆ ನಡಿ!"

"ಮುಟ್ಟು ನೋಡೋಣ," ಎಂದಳು. "ಮುಟ್ಟಿದ್ರೆ ನಿನ್ನ ಕೈಗೂ ಬೂದಿ ಹಾಕಿ ಉಜ್ಜಬೇಕಾಗತ್ತೆ."

ಜವಾನ ನಿಂತುಬಿಟ್ಟ. ಹಾಲಿನಲ್ಲಿ ಯಾರೋ ನಕ್ಕು, ನಗುವನ್ನು ನುಂಗಿದರು.

"ಯಾರಿದು?" ನ್ಯಾಯಾಧೀಶರು ಕೇಳಿದರು. ಹನ್ನೊಂದು ವರ್ಷದಿಂದ ಅವರ ಕಕ್ಕಸನ್ನೂ ಇವಳೇ ತೊಳೆದಿದ್ದಳು.

"ನೀರು ಕೊಟ್ಟೋಳು ನಾನು. ಈ ಸ್ವಾಮಿಯೋರ ವರದೀಲಿ ಇರೋ ಮುದುಕಿ. ನಾನು ಸುಳ್ಳು ಹೇಳಿದೆ."

"ಯಾಕೆ?"

ಬಕೆಟ್ಟನ್ನು ಕೆಳಗಿಟ್ಟಳು.

"ನಮ್ಮ ಕೈ ನೀರು ಯಾರೂ ಕುಡಿಯಲ್ಲ. ಈ ಯಜಮಾನರು ಕುಡಿಯಲ್ಲ. ಕಂಪನಿಯೋರು ಕುಡಿಯಲ್ಲ. ಇಲ್ಲಿರೋ ಲೋಟ ನಾನು ಮುಟ್ಟಂಗಿಲ್ಲ. ಇವರೊಬ್ಬರು ಕೇಳಿದ್ರು. ಕುಡಿದ್ರು. ನನಗೆ ಸೊಕ್ಕು ಬಂತು. ನೀರಿಗೇನು ಬಡತನ ಅಂದುಬಿಟ್ಟೆ. ಆ ಒಂದು ಕೊಡ ತುಂಬೋಕೆ ನನ್ನ ಸೊಸೆ, ಹಸಿ ಬಾಣಂತಿ, ಅರ್ಧ ದಿನ ಮರಳಲ್ಲಿ ತಲೆ ಕೆಳಗೆ ಮಾಡಿ ಮಲಗಿದ್ಲು. ಅದು ಕೂಸಿನ ಮೈ ತೊಳೆಯೋ ನೀರು. ನಮಗೆ ನೀರಿಲ್ಲ. ಬಾವಿ ಇದೆ, ನಮಗಿಲ್ಲ. ಹೊಳೆ ಇದೆ, ನಮಗಿಲ್ಲ. ಬರ್ಕೊಳ್ಳಿ."

ಕಾಲುವೆ ಯಜಮಾನ ತಲೆ ತಗ್ಗಿಸಿ ಉಗುರು ನೋಡಿಕೊಂಡ. ಅವನ ಉಗುರು ಸರಿಯಾಗಿಯೇ ಇದ್ದವು. ಕಮಿಷನರ್ ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಳ್ಳಲು ತುಂಬ ಹೊತ್ತು ತೆಗೆದುಕೊಂಡರು. ಕಂಪನಿಯ ವಕೀಲ ಎದ್ದು, ಒಮ್ಮೆ ಹೌದು ಅಂದು ಇನ್ನೊಮ್ಮೆ ಇಲ್ಲ ಅನ್ನುವವಳ ಯಾವ ಮಾತು ನಂಬಬೇಕು ಎಂದು ಕೇಳಿದ. ಅದು ಸರಿಯಾದ ಪ್ರಶ್ನೆ ಎಂದು ಅಜ್ಜಿಗೂ ಅನ್ನಿಸಿತು.

"ಕಮಿಷನರ್ ಇನ್ನೊಮ್ಮೆ ಹೋಗಿ ನೋಡಿಕೊಂಡು ಬರಲಿ," ಎಂದರು ನ್ಯಾಯಾಧೀಶರು.

ಕಮಿಷನರ್ ಬಂದದ್ದು ಗುರುವಾರ; ಅಜ್ಜಿ ಕೆಲಸ ಬಿಟ್ಟು ಮನೆಯಲ್ಲೇ ಕಾದಿದ್ದಳು. ಅದೇ ಸುಡುವ ಮಧ್ಯಾಹ್ನ. ದಡದ ಮರದ ಕೆಳಗೆ ಅದೇ ಜನ, ಅವೇ ಬಾಟಲಿಗಳು. ಈ ಸಲ ಕಮಿಷನರ್ ಮೊದಲು ಒರತೆಗೆ ಹೋದರು. ಗಯ್ಯಾಳಿ ಗುಂಡಿಯೊಳಗೆ ತಲೆ ಇಳಿಬಿಟ್ಟು ಮಲಗಿದ್ದಳು. ಅವಳ ಅಂಗಾಲು ಆಕಾಶ ನೋಡುತ್ತಿತ್ತು. ಅವಳ ಹಿಂದೆ ಒಂಬತ್ತು ಕೊಡ ಪಾಳಿಯಲ್ಲಿ ಕೂತಿದ್ದವು. ಒಂದು ಚೊಂಬು ತುಂಬಲು ಎಷ್ಟು ಹೊತ್ತು ಬೇಕು ಎಂದು ಅವರು ಗಡಿಯಾರ ಹಿಡಿದು ಬಿಸಿಲಲ್ಲೇ ನಿಂತರು. ಅರ್ಧ ಗಂಟೆ ಮೀರಿತು. ಆ ನೀರನ್ನು ಅವರು ಕೇಳಲಿಲ್ಲ, ಗಯ್ಯಾಳಿಯೂ ಕೊಡಲಿಲ್ಲ. ಅಲ್ಲಿಂದ ಅಜ್ಜಿಯ ಬಾಗಿಲಿಗೆ ನಡೆದು ಬರುವಾಗ ಒಮ್ಮೆ ಮುಗ್ಗರಿಸಿದರು.

"ಅಮ್ಮಾ," ಎಂದರು. "ಸ್ವಲ್ಪ ನೀರು ಕೊಡ್ತೀರಾ?"

ಬಾಯಾರಿ ಕೇಳಿದರೋ, ಪರೀಕ್ಷೆಗೆ ಕೇಳಿದರೋ ಅಜ್ಜಿಗೆ ತಿಳಿಯಲಿಲ್ಲ. ಅವರ ತುಟಿ ಬಿಳಿಚಿ ಒಡೆದಿತ್ತು. ಪರೀಕ್ಷೆಗೆ ತುಟಿ ಒಡೆಯುವುದಿಲ್ಲ. ಒಳಗೆ ಮೂಲೆಯಲ್ಲಿ ಒಂದು ಕೊಡ ತುಂಬಿತ್ತು. ಬಾಗಿಲಿಂದ ಅದು ಕಾಣುತ್ತಿತ್ತು. ಅವರು ಅದನ್ನು ನೋಡಿದರು. ಅವರು ನೋಡಿದ್ದನ್ನು ಅಜ್ಜಿ ನೋಡಿದಳು. ಬೆಳಿಗ್ಗೆಯೇ ಆ ಕೊಡವನ್ನು ಬಚ್ಚಿಡು ಎಂದು ಗಯ್ಯಾಳಿ ಬುದ್ಧಿ ಹೇಳಿದ್ದಳು. ಅಜ್ಜಿ ಕೇಳಿರಲಿಲ್ಲ.

"ಇದೆ ಸ್ವಾಮಿ," ಎಂದಳು. "ಕೊಡಲ್ಲ."

ಅವರು ಮತ್ತೊಮ್ಮೆ ಕೊಡದ ಕಡೆ ನೋಡಿದರು.

"ಒಂದೇ ಕೊಡ ಇರೋದು. ಕೂಸಿಂದು, ಬಾಣಂತೀದು. ಅವತ್ತೂ ಇದೇ ಕೊಡ. ಅವತ್ತು ನಿಮಗೆ ಕೊಟ್ಟು ಕೂಸಿನ ಮೈ ಕೀವು ಮಾಡಿದೆ. ಇವತ್ತು ಕೊಡಲ್ಲ."

"ಒಂದು ಗುಟುಕು?"

ಅರುವತ್ತು ವರ್ಷದಲ್ಲಿ ಅವಳನ್ನು ನೀರು ಕೇಳಿದ ಒಬ್ಬನೇ ಮನುಷ್ಯ. ಎರಡು ಸಲವೂ ಅಮ್ಮಾ ಎಂದೇ ಕೇಳಿದವನು. ಬಾವಿ ಬಿಗಿಹಿಡಿದವರ ಮುಖಕ್ಕೆ ಹೇಳಬೇಕಾದ ಮಾತನ್ನು ಈ ಮನುಷ್ಯನ ಮುಖಕ್ಕೆ ಹೇಳುತ್ತಿದ್ದೇನೆ ಎಂದು ಅವಳಿಗೆ ಗೊತ್ತಿತ್ತು. ನೀರು ಎಂದವನಿಗೆ ಇಲ್ಲ ಅನ್ನುವ ಜಾತಿಗೆ ಇವತ್ತು ತಾನೂ ಸೇರಿದೆ ಎಂದು ಗೊತ್ತಿತ್ತು.

"ಒಂದು ಗುಟುಕೂ ಇಲ್ಲ. ಬರ್ಕೊಳ್ಳಿ. ಮುದುಕಿ ಬಾಯಾರಿದವರಿಗೆ ನೀರು ಕೊಡಲಿಲ್ಲ ಅಂತ ಬರ್ಕೊಳ್ಳಿ."

"ಇದೇ ಮಾತಲ್ಲಿ ಬರೀಲಾ?"

"ಅವತ್ತೂ ನನ್ನ ಮಾತನ್ನೇ ಬರೆದಿದ್ರಲ್ಲ."

ಅವರು ಪುಸ್ತಕ ತೆಗೆದು ನಿಂತೇ ಬರೆದರು. ಬೆವರು ಹಾಳೆಯ ಮೇಲೆ ಬಿತ್ತು. ಮುಚ್ಚಿ ಜೇಬಿಗಿಟ್ಟುಕೊಂಡು ಕೈ ಮುಗಿದರು. ಆ ಕೈ ಮುಗಿದದ್ದನ್ನು ಅಜ್ಜಿಗೆ ತಡೆದುಕೊಳ್ಳಲಾಗಲಿಲ್ಲ. ಉಗಿದಿದ್ದರೆ ಎಷ್ಟೋ ವಾಸಿಯಿತ್ತು.

ದಡ ಹತ್ತಿದ ಮೇಲೆ ಕಾಲುವೆ ಯಜಮಾನ ತನ್ನ ಬಾಟಲಿ ಕೊಟ್ಟನಂತೆ. ಕಮಿಷನರ್ ಒಂದೇ ಉಸಿರಿಗೆ ಕುಡಿದು ಬಾಯಿ ಒರೆಸಿಕೊಂಡು, "ಈ ನೀರಿನ ಬಾವಿ ಎಲ್ಲಿದೆ, ತೋರಿಸಿ," ಎಂದರಂತೆ. ಯಜಮಾನನ ಮುಖ ಹರಳೆಣ್ಣೆ ಕುಡಿದ ಹಾಗಾಯಿತು ಎಂದು ಗಯ್ಯಾಳಿ ಆಮೇಲೆ ವಾರಗಟ್ಟಲೆ ಅಭಿನಯಿಸಿ ತೋರಿಸಿದಳು. ಬಾವಿಯೂ ವರದಿಗೆ ಹೋಯಿತು. ಗೇಟು ಎತ್ತಿದರು, ಒಂದು ಗೇಣಲ್ಲ, ನಾಲ್ಕು ಬೆರಳು. ಅದೆಲ್ಲ ಆಮೇಲಿನ ಮಾತು.

ಆ ಮಧ್ಯಾಹ್ನ ಮಾತ್ರ ಅಜ್ಜಿ ಬಾಗಿಲಲ್ಲಿ ನಿಂತು ಅವರ ಬೆನ್ನು ನೋಡುತ್ತಿದ್ದಳು. ದಡದ ಏರಿನಲ್ಲಿ ಅವರು ಮಂಡಿಗೆ ಕೈ ಊರಿ ನಿಂತರು. ಬಗ್ಗಿ ಉಸಿರು ಎಳೆದುಕೊಂಡರು. ಅಜ್ಜಿಯ ಕೈ ತಾನಾಗಿಯೇ ಹಿಂದಕ್ಕೆ ಹೋಗಿ ಕೊಡದ ಮೇಲಿದ್ದ ಚೊಂಬು ಹಿಡಿಯಿತು. ಚೊಂಬು ನೀರಿಗೆ ಮುಳುಗಿತು ಕೂಡ. ಸೊಸೆ ಕೂಸನ್ನು ಹೆಗಲಿಗೆ ಹಾಕಿಕೊಂಡು ಎದ್ದು ಬಂದು, ಇನ್ನೊಂದು ಕೈಯಿಂದ ಅತ್ತೆಯ ಮಣಿಕಟ್ಟು ಹಿಡಿದಳು. ಆ ಬೆನ್ನು ದಡ ದಾಟುವ ತನಕ ಹಿಡಿದೇ ಇದ್ದಳು.

ಆಮೇಲೆ ಬಿಟ್ಟಳು. ಅಜ್ಜಿ ಚೊಂಬಿನ ನೀರನ್ನು ಕೊಡಕ್ಕೆ ವಾಪಸ್ ಸುರಿದಳು. ಕೂಸಿಗೆ ಮೈ ತೊಳೆದರು. ಸೊಸೆ ಕುಡಿದಳು. ನಿಮಗೆ, ಎಂದು ಉಳಿದದ್ದನ್ನು ಅತ್ತೆಯ ಮುಂದೆ ಹಿಡಿದಳು.

ಅಜ್ಜಿ ಮುಖ ತಿರುಗಿಸಿದಳು. ಆ ದಿನ ಅವಳು ನೀರು ಕುಡಿಯಲಿಲ್ಲ.